ಹಸಿರು ಬಟ್ಟೆಯ ಅಕ್ಕ

ಫ್ಲೆಕ್ಸ್ ಹಾಕಿಸಿದವನು ಅಪ್ಪ, ಕಿತ್ತು ತಂದವನು ಮಗ, ಅದರಲ್ಲಿ ಹಲ್ಲು ಕಾಣುವಂತೆ ನಗುತ್ತಿದ್ದವಳು ಪೂನಮ. ಮಿರಜಿನ ಆ ಓಣಿಯ ಬಾಯಿಗಿದ್ದ ದೀಪದ ಕಂಬದ ಮೇಲೆ ಅದು ತೂಗಿದ್ದು ಒಟ್ಟು ಹದಿನಾರು ತಾಸು. ಆಗಬೇಕಾದದ್ದು ಆಗಲಿಕ್ಕೆ ಅಷ್ಟು ಹೊತ್ತು ಸಾಕಾಯಿತು.

ಆದಿತ್ಯವಾರ ಮಧ್ಯಾಹ್ನ ಚರ್ಚಿನ ಸಭೆ ಮುಗಿಸಿ ಬಂದು ಎಲ್ಲರೂ ಉಣ್ಣಲು ಕೂತಿದ್ದರು. ಅವ್ವ ಮಾಣಿಕಬಾಯಿ ಒಂದು ಕಡೆ ರೊಟ್ಟಿ ಬಡಿಯುತ್ತ, ಇನ್ನೊಂದು ಕಡೆ ಮಟನ್ನಿನ ಸಾರಿನಲ್ಲಿ ಸೌಟು ಆಡಿಸುತ್ತಿದ್ದಳು. ಅಜ್ಜಿ ಸೀತವ್ವ ಹಲ್ಲಿಲ್ಲದ ಬಾಯಿಗೆ ಒಗ್ಗಲೆಂದು ರೊಟ್ಟಿಯನ್ನು ಸಾರಿನಲ್ಲಿ ಮುರಿದು ನೆನೆಹಾಕಿಕೊಂಡಿದ್ದಳು. ಆಗ ಮಗ ಸಂಘರ್ಷ ಚಪ್ಪಲಿ ಕಾಲಲ್ಲೇ ಒಳಗೆ ಬಂದು, ಸುರುಳಿ ಸುತ್ತಿದ್ದ ಫ್ಲೆಕ್ಸನ್ನು ಅಪ್ಪನ ತಾಟಿನ ಮುಂದೆ ಒಗೆದ.

"ಇದನ್ನ ಯಾರು ಹಾಕಿಸ್ಯಾರ?"

"ನಾನ," ಅಂದ ಗಂಗಾರಾಮ. ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಮೂವತ್ತು ವರ್ಷ ಚೀಲ ಹೊತ್ತ ಅವನ ಬೆರಳುಗಳು ಎಷ್ಟು ತೊಳೆದರೂ ಹಳದಿ. "ಯಾಕ, ಚಲೋ ಬಂದಿಲ್ಲೇನು?"

"ಭಾಳ ಚಲೋ ಬಂದೈತಿ. ಸ್ಟೇಶನ್ ತನಕ ಕಾಣಸ್ತೈತಿ. ನನ್ನ ನೌಕರಿ ಹೋಗೂದೂ ಅಷ್ಟ ಚಂದ ಕಾಣಸ್ತೈತಿ."

ಪೂನಮ ಎದ್ದು ಫ್ಲೆಕ್ಸನ್ನು ಬಿಡಿಸಿದಳು. ಬೆಳಿಗ್ಗೆ ಅವಳೂ ನೋಡಿದ್ದಳು. ನಾಚಿಕೆಯಾಗಿತ್ತು, ಖುಷಿಯೂ ಆಗಿತ್ತು. ಫ್ಲೆಕ್ಸ್ ಅಂಗಡಿಯ ಜ್ಯೋತೆಪ್ಪ ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ ಮೇಲೇ ಇವಳನ್ನು ಕೂರಿಸಿದ್ದ. ನಡುವೆ ಪೂನಮ, ತಲೆಯ ಹಿಂದೆ ದೊಡ್ಡ ಶಿಲುಬೆ, ಕೆಳಗೆ ವಿಮಾನ. ಬಲಗಡೆಯ ಮೂಲೆಯಲ್ಲಿ ಬಾಯಿ ತೆರೆದ ಸಿಂಹ ಹಳೆಯ ಫ್ಲೆಕ್ಸಿನದೇ. ತೆಗೆಯಲು ಅವನಿಗೆ ನೆನಪಾಗಿರಲಿಲ್ಲ, ಅಥವಾ ಇರಲಿ ಅನ್ನಿಸಿತ್ತು. ಮರಾಠಿಯಲ್ಲಿ ದಪ್ಪ ಅಕ್ಷರ: 'ಕುಮಾರಿ ಪೂನಮ ಗಂಗಾರಾಮ ಹೊಸಮನಿ ಇವರು ಮಕ್ಕಳ ಸುವಾರ್ತಾ ಸೇವೆಗಾಗಿ ಆಫ್ರಿಕಾಕ್ಕೆ ಹೊರಟಿರುವುದಕ್ಕೆ ಹಾರ್ದಿಕ ಅಭಿನಂದನೆಗಳು.'

"ಓದಾಕ ಬರದಿದ್ರ ನನ್ನ ಕೇಳಬೇಕಿತ್ತಪ್ಪಾ," ಅಂದ ಸಂಘರ್ಷ. "ಶಿಲುಬಿ ಕಾಣಾಕ ಓದು ಬರಬೇಕಿಲ್ಲಲ್ಲ?"

"ಎಲ್ಲಾರ ಮಕ್ಕಳ ಮಾರಿ ಆ ಕಂಬದ ಮ್ಯಾಲೆ ನೋಡೇನಿ," ಗಂಗಾರಾಮನ ದನಿ ಸಣ್ಣಗಾಯಿತು. "ದಾರು ಕುಡದು ಬಿದ್ದವಂದೂ ಹುಟ್ಟುಹಬ್ಬದ ಫ್ಲೆಕ್ಸ್ ಬೀಳ್ತೈತಿ. ನನ್ನ ಮಗಳು ವಿಮಾನ ಹತ್ತಾಕತ್ಯಾಳ. ಒಂದ ದಿವಸ ಇರ್ಲಿ ಅಂತ..."

"ಅದಕ್ಕ ನಾ ಚೀಲ ಹೊರಬೇಕು?"

ಗಂಗಾರಾಮ ತಾಟು ಮುಂದಕ್ಕೆ ಸರಿಸಿ ಕೈ ತೊಳೆದುಕೊಂಡ.

ಸಂಘರ್ಷನಿಗೆ ನೀರಾವರಿ ಇಲಾಖೆಯಲ್ಲಿ ಕಾರಕೂನನ ಕೆಲಸ ಸಿಕ್ಕು ಎರಡು ತಿಂಗಳಾಗಿತ್ತು. ಪರಿಶಿಷ್ಟ ಜಾತಿಯ ಮೀಸಲು ಜಾಗ. ಆರು ತಿಂಗಳೊಳಗೆ ಜಾತಿ ದಾಖಲೆಯ ಪಡತಾಳಣಿ, ಅಂದರೆ ಪರಿಶೀಲನೆ, ಮುಗಿದು ಕಾಗದ ಕೈಗೆ ಬರಬೇಕು. ಅದಕ್ಕೆ ಮೊದಲು ಅಧಿಕಾರಿಯೊಬ್ಬ ಮನೆಗೇ ಬಂದು ಚೌಕಶಿ ಮಾಡಿ ಹೋಗಬೇಕು. ಆ ಜಾಗ ಹಿಂದೂ, ಬೌದ್ಧ, ಸಿಖ್ಖರಿಗುಂಟು. ಅದೇ ಓಣಿಯ, ಅದೇ ಜಾತಿಯ ಮನುಷ್ಯ ಕ್ರೈಸ್ತನಾದರೆ ಇಲ್ಲ. ಹೊಸಮನಿಯವರು ಕಾಗದದ ಮೇಲೆ ಹಿಂದೂಗಳು, ಆದಿತ್ಯವಾರ ಕ್ರೈಸ್ತರು. ಓಣಿಯಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಬರೆದು ಕಂಬಕ್ಕೆ ಕಟ್ಟಿದವರು ಮಾತ್ರ ಇಷ್ಟು ದಿನ ಯಾರೂ ಇರಲಿಲ್ಲ.

"ಅಕ್ಕಾ, ನೀ ಹೋಗಬ್ಯಾಡ," ಸಂಘರ್ಷ ಅವಳ ಕಡೆ ತಿರುಗಿದ. "ಪಾಸ್ಟರ್ ನಿನ್ನ ವೀಸಾಕ್ಕ ಪತ್ರ ಬರೀತಾರ. ಈಕಿ ನಮ್ಮ ಸಭೆಯಾಕಿ, ಬಾಪ್ತಿಸ್ಮ ಆಗೇತಿ ಅಂತ. ಸಹಿ, ಶಿಕ್ಕಾ ಎಲ್ಲಾ ಇರ್ತಾವ. ಆ ಕಾಗದ ಎಲ್ಲೆರೆ ಹೊಕ್ಕಿತಂದ್ರ ನಂದು ಮುಗೀತು."

"ಆರು ವರ್ಷ ಆದಿತ್ಯವಾರ ಒಂದೂ ತಪ್ಪಿಸದ ಸಂಡೇಸ್ಕೂಲಿನ ಹುಡುಗರನ್ನ ಸಂಭಾಳಿಸೇನಿ," ಅಂದಳು ಪೂನಮ. "ಹನ್ನೆರಡು ದಿವಸ ನನಗ ಅಂತ ಬಂದಾವ. ನಾ ಹೋಗಾಕಿನ."

"ಹೋಗು. ಬಂದ ಮ್ಯಾಲೆ ನನಗೂ ಒಂದು ಹೊಲಿಗಿ ಮಶಿನ್ ಕೊಡಸು."

"ಈ ಮಶಿನ್ ಹೊಡದs ನಿನ್ನ ಕ್ಲಾಸಿನ ಫೀ ತುಂಬೇನಿ. ಮಶಿನ್ನಿನ ಹೆಸರು ಹಗರಕ ಎತ್ತಬ್ಯಾಡ."

"ಉಣ್ರಿ!" ಮಾಣಿಕಬಾಯಿ ಹಿಟ್ಟು ನಾದುವ ಕೊಣಮಿಗೆಯ ಮೇಲೆ ಕೈ ಬಡಿದಳು. "ವಾರಕ್ಕೊಮ್ಮೆ ಮಟನ್ ಮಾಡತೇನಿ. ಅವತ್ತs ಬೆಂಕಿ ಹಚ್ಚಿಕೊಂಡು ಕುಂದರ್ತೀರಿ."

ಸಾರು ಆರಿತು. ಮೇಲೆ ಎಣ್ಣೆ ಕೆನೆಗಟ್ಟಿತು. ಸೀತವ್ವ ಒಬ್ಬಳೇ ನೆನೆದ ರೊಟ್ಟಿಯನ್ನು ಬೆರಳಿನಿಂದ ಬಳಿದು ಬಳಿದು ಉಂಡಳು.

*

ಪೂನಮಳಿಗೆ ಇಪ್ಪತ್ತೇಳು, ತಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು. ಆಸ್ಪತ್ರೆಗಳಿಗೆ ಗೌನು, ಚಾದರ ಹೊಲಿದುಕೊಡುವ ಕಾರ್ಖಾನೆಯಲ್ಲಿ ಅವಳ ಕೆಲಸ. ಆಪರೇಶನ್ ಕೋಣೆಯ ಹಸಿರು ಬಟ್ಟೆಯ ತುಂಡುಗಳು ಅಲ್ಲಿ ಕಾಲಿಗೆ ತೊಡರುವಷ್ಟು ಬೀಳುತ್ತಿದ್ದವು. ಮಾಲಕನನ್ನು ಕೇಳಿ ಅವನ್ನು ತಂದು, ಮನೆಯ ಹಳೇ ಮಶಿನ್ನಿನ ಮೇಲೆ ಕೈಗೆ ತೊಡುವ ಗೊಂಬೆ ಹೊಲಿಯುತ್ತಿದ್ದಳು. ಸಂಡೇಸ್ಕೂಲಿನಲ್ಲಿ ಅವಳು ಹೇಳುವ ಕಥೆಗಳಲ್ಲಿ ಅರಸ, ಆಳು, ಕತ್ತೆ, ಮೀನು ಎಲ್ಲರೂ ಹಸಿರು. "ಟೀಚರ್, ಮೋಶೆದೂ ಆಪರೇಶನ್ ಆಗಿತ್ತೇನ್ರಿ?" ಎಂದು ಒಬ್ಬ ಹುಡುಗ ಕೇಳಿ, ಇಡೀ ವರ್ಗ ಬಿದ್ದು ಬಿದ್ದು ನಕ್ಕಿತ್ತು.

ಮಕ್ಕಳು ಮತ್ತೆ ಮತ್ತೆ ಬೇಡುತ್ತಿದ್ದದ್ದು ಬುಟ್ಟಿಯ ಕಥೆಯನ್ನು. ಅರಸ ಗಂಡು ಕೂಸುಗಳನ್ನೆಲ್ಲ ಕೊಲ್ಲಿಸುವಾಗ ತಾಯಿ ಕೂಸು ಮೋಶೆಯನ್ನು ಬುಟ್ಟಿಯಲ್ಲಿಟ್ಟು ಹೊಳೆಗೆ ಬಿಡುತ್ತಾಳೆ. ಅಕ್ಕ ಮಿರ್ಯಾಮ್ ದಂಡೆಯ ಜೊಂಡಿನಲ್ಲಿ ಅಡಗಿ ಬುಟ್ಟಿ ಕಾಯುತ್ತಾಳೆ. ಅರಸನ ಮಗಳು ಬುಟ್ಟಿ ಎತ್ತಿದಾಗ, ಕೂಸಿಗೂ ತನಗೂ ಸಂಬಂಧವೇ ಇಲ್ಲದವಳ ಹಾಗೆ ಮುಂದೆ ಬಂದು, "ಹಾಲು ಕುಡಿಸಾಕ ಒಬ್ಬಾಕಿನ್ನ ಕರಕೊಂಡು ಬರ್ಲೇನ್ರಿ?" ಎಂದು ಕೇಳಿ ತಮ್ಮನನ್ನು ತಾಯಿಯ ತೊಡೆಗೇ ಮರಳಿಸುತ್ತಾಳೆ. ಪೂನಮ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತು ಹೊಲಿದದ್ದು ಈ ಅಕ್ಕನ ಗೊಂಬೆಯನ್ನು: ಕರಿ ಉಣ್ಣೆಯ ಎರಡು ಜಡೆ, ಗುಂಡಿಯ ಕಣ್ಣು, ಅಗಲವಾಗಿ ತೆರೆಯುವ ಬಾಯಿ. ಮೋಶೆಗೆ ಆ ಆಟದಲ್ಲಿ ಒಂದು ಮಾತೂ ಇರಲಿಲ್ಲ.

ಹೋದ ಕ್ರಿಸ್ಮಸ್ಸಿಗೆ ಕೀನ್ಯಾದಿಂದ ಬಂದಿದ್ದ ಸಭೆಯವರು ಇದನ್ನು ನೋಡಿದ್ದರು. ಮಾತು ತಿಳಿಯದಿದ್ದರೂ ಬುಟ್ಟಿ ತೇಲುವಾಗ ಅವರಲ್ಲೊಬ್ಬಾಕೆ ಅತ್ತಿದ್ದಳು. ಆಗಸ್ಟಿನಲ್ಲಿ ತಮ್ಮಲ್ಲಿ ನಡೆಯುವ ಮಕ್ಕಳ ಶಿಬಿರಕ್ಕೆ ಇಲ್ಲಿಂದ ಮೂವರನ್ನು ಕರೆದಾಗ, 'ಹಸಿರು ಗೊಂಬೆಗಳ ಟೀಚರ್' ಎಂದು ಗುರುತು ಹೇಳಿ ಬರೆದಿದ್ದರು. ಖರ್ಚು ಕರೆದವರದ್ದು. ಪೂನಮಳ ಪಾಸ್‌ಪೋರ್ಟು ಆಗಲೇ ಬಂದು ಬಟ್ಟೆಯ ಟ್ರಂಕಿನಲ್ಲಿತ್ತು.

ಮುಂದಿನ ವಾರವಿಡೀ ಮನೆಯಲ್ಲಿ ಎರಡು ಒಲೆ ಹೊತ್ತಿದಂತೆ ಇತ್ತು. ಸಂಘರ್ಷ ಅಕ್ಕ ಬಡಿಸಿದ್ದನ್ನು ಮುಟ್ಟಲಿಲ್ಲ. ಅವ್ವ ಬಡಿಸಿದರೆ ಉಣ್ಣುತ್ತಿದ್ದ. ಪೂನಮ ಅವನ ಅಂಗಿಗಳನ್ನು ಒಗೆಯುವುದು ಬಿಟ್ಟಳು. ನಳಕ್ಕೆ ನೀರು ಬಂದಾಗ ಮೊದಲಿನಂತೆ ಅವನ ಬಕೀಟು ಹಿಡಿಯಲಿಲ್ಲ; ತನ್ನದು, ಅಜ್ಜಿಯದು, ಅಡಿಗೆಯದು ತುಂಬಿಸಿ ಸರಿದುನಿಂತಳು. ಬುಧವಾರ ಅವನು ಮುಖ ತೊಳೆಯಲು ನೀರಿಲ್ಲದೆ ಆಫೀಸಿಗೆ ಹೋದ.

ಮೃಗಶಿರ ಮಳೆ ಹಿಡಿದಿತ್ತು. ಬಚ್ಚಲಿನ ತಗಡು ಸೋರುತ್ತಿತ್ತು. ಗಂಗಾರಾಮ ಒಂದು ಮಾತೂ ಆಡದೆ ಫ್ಲೆಕ್ಸನ್ನು ಒಯ್ದು, ಅಕ್ಷರದ ಬದಿ ಕೆಳಗೆ ಮಾಡಿ, ತಗಡಿನ ಮೇಲೆ ಹಾಸಿ ಕಲ್ಲು ಹೇರಿ ಬಂದ. ಮರುದಿನ ಪೂನಮ ಸ್ನಾನಕ್ಕೆ ಕೂತು ಮೇಲೆ ನೋಡಿದರೆ, ಎರಡು ತಗಡುಗಳ ಸಂದಿಯಲ್ಲಿ ಅವಳದೇ ಒಂದು ಕಣ್ಣು, ಆಚೆಗೆ ಸಿಂಹದ ಹಲ್ಲು. ತಂಬಿಗೆ ಎತ್ತಿ ತಗಡಿಗೆ ಹೊಡೆದಳು. ಸಂದಿಯಿಂದ ಮಳೆನೀರು ಅವಳ ಬಾಯಿಗೇ ಬಿತ್ತು.

"ನಿಂದೇನು, ಹನ್ನೆರಡು ದಿವಸದ ಮಾತು," ಮಾಣಿಕಬಾಯಿ ಅಕ್ಕಿ ಆರಿಸುತ್ತ ಅಂದಳು. "ಅವಂದು ಮೂವತ್ತು ವರ್ಷದ್ದು. ಅಳದು ನೋಡು."

"ನೀ ಅಳತಿ ಮಾಡಿದಾಗೆಲ್ಲಾ ನಂದು ಕಮ್ಮಿನ ಬೀಳ್ತೈತಿ, ಅವ್ವಾ."

"ನಾಳೆ ಮದಿವಿ ಆಗಿ ಹೋಗಾಕಿ ನೀ. ನಮ್ಮನ್ನ ನೋಡಾಂವ ಅಂವ."

"ಸೈ. ಹಂಗಾರ ಇವತ್ತಿಂದ ನನ್ನ ಪಗಾರ ನನ್ನ ಹತ್ರ ಇಟಗೋತೇನಿ. ನೋಡಾಂವ ನೋಡ್ಲಿ."

ಮಾಣಿಕಬಾಯಿಯ ಕೈ ಮೊರದಲ್ಲೇ ನಿಂತಿತು. ಆಮೇಲೆ ಕಲ್ಲು ಸಿಕ್ಕಿದ್ದು ಅಂಗಳಕ್ಕೆ, ಅಕ್ಕಿ ಸಿಕ್ಕಿದ್ದೂ ಅಂಗಳಕ್ಕೆ ಹಾರತೊಡಗಿತು.

*

ಶುಕ್ರವಾರ ಸಂಜೆ ಪಾಸ್ಟರ್ ವಿಜಯಕುಮಾರ ಛತ್ರಿ ಮಡಚುತ್ತ ಬಂದರು. ಅವ್ವ ಚಹಕ್ಕಿಟ್ಟಳು.

"ಗಂಗಾರಾಮ, ಎಂಥಾ ಕೆಲಸ ಮಾಡಿದಿಪಾ," ಕೂರುವ ಮೊದಲೇ ಶುರುಮಾಡಿದರು. "ನಮ್ಮ ಸಭೆಯಾಗ ನಲವತ್ತು ಮನಿ. ಮೂವತ್ತು ಮನ್ಯಾಗ ನಿಮ್ಮಂಥಾ ದಾಖಲೆ. ಒಂದು ಮನಿಗೆ ಚೌಕಶಿ ಬಂತಂದ್ರ ಅವರು ಅಲ್ಲಿಗೇ ನಿಲ್ಲತಾರೇನು? ಮುಂಜಾನಿಂದ ಹನ್ನೊಂದು ಫೋನ್ ಬಂದಾವ ನನಗ."

"ತಪ್ಪಾತ್ರಿ," ಅಂದ ಗಂಗಾರಾಮ. ಆ ವಾರ ಅವನು ಎಲ್ಲರಿಗೂ ಅಂದದ್ದು ಅದೊಂದೇ ಮಾತು.

"ಅದಕ್ಕ, ಪೂನಮ, ನಾ ಹೇಳೂದು ಇಷ್ಟು. ಈ ವರ್ಷ ನೀ ಹಿಂದ ಸರಿ. ಮುಂದಿನ ವರ್ಷ ನೋಡೋಣು."

"ಮುಂದಿನ ವರ್ಷ ಕರೀತಾರಂತೇನ್ರಿ?"

ಪಾಸ್ಟರ್ ಚಹಕ್ಕೆ ಊದಿದರು. "ದೇವರ ಚಿತ್ತ."

"ನನ್ನ ಜಾಗಕ್ಕ ಯಾರು ಹೊಂಟಾರ್ರಿ? ಅದೂ ದೇವರ ಚಿತ್ತs ಏನು?"

ಗುಟುಕರಿಸಿದ ಚಹ ಬಿಸಿಯಾಗಿತ್ತೇನೋ, ಪಾಸ್ಟರಿಗೆ ಕೆಮ್ಮು ಬಂತು. ಮಕ್ಕಳ ಟೀಚರಿನ ಜಾಗ ಖಾಲಿ ಬಿಡುವಂತಿಲ್ಲ. ತನ್ನ ಅಣ್ಣನ ಮಗಳು ದೀಪಾಲಿ ಇದ್ದಾಳೆ, ವಿಶ್ರಾಮಬಾಗದಲ್ಲಿರುತ್ತಾಳೆ, ಇಂಗ್ಲಿಷ್ ಬರುತ್ತದೆ. ಅವರದು ನಾಲ್ಕು ತಲೆಮಾರಿನ ಹಳೇ ಕ್ರೈಸ್ತ ಮನೆತನ, ಕಾಗದದಲ್ಲೂ ಅದೇ, ಸಭೆಯಲ್ಲೂ ಅದೇ, ಯಾವ ಭಯವೂ ಇಲ್ಲ ಎಂದರು.

"ಒಂದ ದಿವಸ ಆಕಿ ಸಂಡೇಸ್ಕೂಲಿಗೆ ಬಂದಾಳೇನ್ರಿ?"

"ನೀ ಕಲಸಬೇಕಲ್ಲ ಮತ್ತ. ಗೊಂಬಿ ಕೊಡು, ಮಾತು ಬರದು ಕೊಡು. ಯಾರು ಹೋದ್ರೇನು, ಸೇವೆ ಆಗೂದು ಮುಖ್ಯ."

ಪೂನಮ ಪಾಸ್ಟರರ ಮುಂದಿನಿಂದ ಕಪ್-ಬಸಿಯನ್ನು ಎತ್ತಿಕೊಂಡಳು. ಚಹ ಇನ್ನೂ ಅರ್ಧ ಇತ್ತು. "ನಾ ಹಿಂದ ಸರಿಯೂದಿಲ್ರಿ. ಪತ್ರ ಬರಿಯೂದು ಬಿಡೂದು ನಿಮಗ ಬಿಟ್ಟದ್ದು. ಬರೀಲಿಲ್ಲಂದ್ರ ಯಾಕ ಬರೀಲಿಲ್ಲ ಅಂತ ಕೀನ್ಯಾದವರಿಗೆ ನಾನ ಬರೀತೇನಿ."

ಪಾಸ್ಟರ್ ಹೋದ ಮೇಲೆ ಸಂಘರ್ಷ ಒಳಕೋಣೆಯಿಂದ ಹೊರಬಂದ. ಎಲ್ಲ ಕೇಳಿಸಿಕೊಂಡಿದ್ದ. ಅವನ ದನಿ ಈ ಸಲ ಏರಲಿಲ್ಲ, ಅದೇ ಕೆಟ್ಟದ್ದು.

"ಅಕ್ಕಾ, ನಮ್ಮೂರು ಲಿಂಗನೂರಾಗ ಸೀತವ್ವಾಯಿ ಕೂಲಿಗೆ ಹೋದಾಗ ಬೊಗಸಿಗೆ ಮ್ಯಾಲಿಂದ ನೀರು ಸುರುವತಿದ್ರಂತ. ಆಗ ಯಾರರೆ ಕೇಳಿದ್ರೇನು, ನೀ ಯಾವ ದೇವರ ಹೆಸರು ಹೇಳತಿ ಅಂತ? ಈಗೂ ಆಫೀಸಿನಾಗ ನನ್ನ ಆಡನಾಂವ ಹೊಸಮನಿ ಅಂತ ಕೇಳಿ ಸುಮ್ಮನಾಗ್ತಾರ. ಏಸು ಬಂದ ಅಂತ ನಮ್ಮ ಕೇರಿ ಎದ್ದು ಬ್ಯಾರೆ ಕಡೆ ಹೋಗೇತೇನು? ಹೋಗಿಲ್ಲ. ಹಂಗಾರ ಕಾಗದದಾಗ ಮಾತ್ರ ಯಾಕ ಹೋಗಬೇಕು? ನಾ ಸುಳ್ಳು ಹೇಳಾಕತ್ತಿಲ್ಲ. ಅವರು ಸುಳ್ಳು ಪ್ರಶ್ನಾ ಕೇಳಾಕತ್ಯಾರ."

ಅವನ ಮಾತು ಖರೆ ಇತ್ತು, ಅದರಿಂದಲೇ ಪೂನಮಳ ಸಿಟ್ಟು ಇಮ್ಮಡಿಯಾಯಿತು.

"ಇದನ್ನ ಆ ಅಧಿಕಾರಿ ಮುಂದ ಹೇಳು. ನನ್ನ ಮುಂದ ಯಾಕ ಹೇಳ್ತಿ? ನಾ ಏನು ಕಾಯ್ದೆ ಮಾಡಿದಾಕಿ? ಎಲ್ಲಾರಿಗೂ ಮಾರಿ ಮ್ಯಾಲೆ ಬಾಗಿಲ ಹಾಕಾಕ ನಾ ಒಬ್ಬಾಕಿನ ಸಿಕ್ಕೇನಿ. ಅಂವ ಬಂದ ದಿವಸ ನಾ ಕೆಲಸಕ್ಕ ಹೋಗಿರತೇನಿ. ನಂದರೆ ಒಂದ ಸುಳ್ಳು ಕಮ್ಮಿ ಆಗ್ಲಿ."

*

ಚೌಕಶಿ ಸೋಮವಾರ ಎಂದು ಸಂಘರ್ಷನಿಗೆ ಸುದ್ದಿ ಬಂದಿತ್ತು. ಶನಿವಾರವೇ ಮನೆ ತಯಾರಾಯಿತು. ಗೋಡೆಯ ಶಿಲುಬೆ ಇಳಿಯಿತು. ಇಳಿದ ಜಾಗದಲ್ಲಿ ಅದೇ ಆಕಾರದ ಬಿಳಿ ಕಲೆ, ಶಿಲುಬೆಗಿಂತ ಎದ್ದು ಕಾಣುವಂತೆ. ಗಂಗಾರಾಮ ಸುಣ್ಣ ತಂದು ಇಡೀ ಗೋಡೆಗೆ ಬಳಿದ. ಅಂಚಿನಲ್ಲಿ ಅವನ ಹಳದಿ ಬೆರಳ ಗುರುತುಗಳು ಉಳಿದವು. ಬಾಬಾಸಾಹೇಬರ ಫೋಟೋ ಮೊದಲಿನಿಂದಲೂ ಇತ್ತು. ಅದನ್ನು ನಡುವಿಗೆ ಸರಿಸಿದರು. ಸೀತವ್ವನ ದಪ್ಪಕ್ಷರದ ಕನ್ನಡ ಬೈಬಲ್ ಜೋಳದ ಡಬ್ಬಿಯ ತಳ ಸೇರಿತು.

"ನುಸಿ ಹತ್ತಿದ್ರ ನೋಡ್ರಿ," ಅಂದಳು ಸೀತವ್ವ, "ನಿಮ್ಮ ಜೋಳಕ್ಕೂ ಹತ್ತತೈತಿ."

ಅಧಿಕಾರಿ ಬಂದದ್ದು ಶನಿವಾರ ಮಧ್ಯಾಹ್ನವೇ. ಸುಣ್ಣ ಇನ್ನೂ ಹಸಿ. ಕಾರ್ಖಾನೆಗೆ ಅರ್ಧ ದಿನದ ರಜೆ. ಪೂನಮ ಮಶಿನ್ನಿನ ಮುಂದೆ ಕೂತು ಅರಸನ ಮಗಳಿಗೆ ಲೇಸು ಹಚ್ಚುತ್ತಿದ್ದಳು. ಕಿಟಕಿಗೆ ಕಟ್ಟಿದ ದಾರದ ಮೇಲೆ ಉಳಿದ ಗೊಂಬೆಗಳು ಸಾಲಾಗಿ ತೂಗುತ್ತಿದ್ದವು. ಎದ್ದುಹೋಗಲು ಬಾಗಿಲು ಒಂದೇ, ಅದರಲ್ಲಿ ಅಧಿಕಾರಿ ನಿಂತಿದ್ದ.

ಐವತ್ತರ ಸಭ್ಯ ಮನುಷ್ಯ. ಕಾಲೊರೆಸಿಕೊಂಡು ಒಳಗೆ ಬಂದ, ನೀರು ಕೇಳಿ ಕುಡಿದ, ಮರಾಠಿಯಲ್ಲಿ ಒಂದೊಂದೇ ಪ್ರಶ್ನೆ ತೆಗೆದ. ಮೂಲ ಊರು? ಕುಲದೇವರು? ಮದುವೆಯಲ್ಲಿ ಏನೇನು ಶಾಸ್ತ್ರ? ಗಂಗಾರಾಮ ಬೆವರುತ್ತ ಉತ್ತರ ಕೊಟ್ಟ. ಹಳೇ ಹಾಡು ಏನಾದರೂ ಬರುತ್ತದೆಯೇ ಎಂದು ಅಧಿಕಾರಿ ಅಜ್ಜಿಯನ್ನು ಕೇಳಿದ.

ಸೀತವ್ವ ಕಣ್ಣು ಮುಚ್ಚಿ ಬೀಸುವ ಕಲ್ಲಿನ ಹಾಡು ಎತ್ತಿಕೊಂಡಳು. ರಾಯಬಾಗದ ಕಡೆಯ ಹಾಡು, ತವರಿನ ದಾರಿಯ ಬೇವಿನ ಮರವನ್ನು ಕುರಿತದ್ದು. ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ದನಿ ಒಡೆದಿತ್ತು, ಆದರೆ ಬಲಗೈ ತಾನೇ ತಾನಾಗಿ ಗಾಳಿಯಲ್ಲಿ ಕಲ್ಲು ತಿರುಗಿಸುತ್ತಿತ್ತು. ಅಧಿಕಾರಿಯ ಪೆನ್ನು ಕೂಡ ನಿಂತಿತು. ಇದರಲ್ಲಿ ಸುಳ್ಳು ಒಂದೆಳೆಯೂ ಇರಲಿಲ್ಲ.

ಆಮೇಲೆ ಅವನು ಮೊಬೈಲ್ ತೆಗೆದು ಗಂಗಾರಾಮನ ಮುಂದೆ ಹಿಡಿದ. "ಇದು ನಮಗೆ ಬಂದಿದೆ. ಏನು ಹೇಳುತ್ತೀರಿ?"

ಫ್ಲೆಕ್ಸಿನ ಫೋಟೋ. ಹದಿನಾರು ತಾಸಿನಲ್ಲಿ ಯಾರೋ ತೆಗೆದಿದ್ದರು, ಯಾರೋ ಕಳಿಸಿದ್ದರು. ಗಂಗಾರಾಮ ಹಳದಿ ಬೆರಳುಗಳನ್ನು ಮಡಚಿಕೊಂಡ. ಸಂಘರ್ಷ ಗೋಡೆಗೆ ಬೆನ್ನು ಹಚ್ಚಿದ, ಅವನ ಅಂಗಿಗೆ ಸುಣ್ಣ ಹತ್ತಿತು. ಮಾಣಿಕಬಾಯಿ ಅಡಿಗೆಯ ಬಾಗಿಲಲ್ಲಿ ಸೆರಗಿನ ತುದಿ ಕಚ್ಚಿ ನಿಂತಿದ್ದಳು. ಯಾರೂ ಪೂನಮಳ ಕಡೆ ನೋಡಲಿಲ್ಲ. ನೋಡದೆಯೇ ಎಲ್ಲರೂ ಅವಳನ್ನು ಕೇಳುತ್ತಿದ್ದರು.

ಪೂನಮ ಮಶಿನ್ನಿನ ಚಕ್ರದ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು.

"ಅದು ನನ್ನ ಫೋಟೋರಿ."

"ಚರ್ಚಿನ ಸೇವೆಗೆ ಹೊರಟಿದ್ದೀರಿ ಅಂತ ಇದೆ."

"ಗೊಂಬಿ ಹೊಲದು ಕೊಡೋ ಆರ್ಡರ್ ಇತ್ರಿ. ಪರದೇಶಕ್ಕ ಹೋಗ್ತಾವ ಅಂದೆ. ಅಪ್ಪಗ ಓದು ಬರೂದಿಲ್ಲ, ಮಗಳು ಹೊಂಟಾಳ ಅಂತ ತಿಳದ. ಫ್ಲೆಕ್ಸ್ ಮಾಡಿದಾಂವ ತನಗ ತೋಚಿದ್ದೆಲ್ಲಾ ಹಾಕ್ಯಾನ."

"ಶಿಲುಬೆ ಇದೆಯಲ್ಲ?"

"ಸಿಂಹಾನೂ ಐತಿ ನೋಡ್ರಿ, ಮೂಲ್ಯಾಗ." ಅವಳು ಮೊಬೈಲಿನ ಕಡೆ ಬೆರಳು ಮಾಡಿದಳು. "ಸರ್ಕಸ್ಸಿನ ಮಂದಿ ಅಂತ ಬರಕೋತೀರೇನು?"

ಅಧಿಕಾರಿ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಸಿಂಹ ಸಿಕ್ಕಿತು. ಅವನಿಗೆ ನಗು ಬಂತು, ತಡೆಯಲಿಲ್ಲ. "ಅಂದರೆ ನೀವು ಹೋಗುವುದಿಲ್ಲ?"

ಟ್ರಂಕಿನಲ್ಲಿ ಪಾಸ್‌ಪೋರ್ಟು ಇತ್ತು. ಅಧಿಕಾರಿ ಕೂತದ್ದು ಅದೇ ಟ್ರಂಕಿನ ಮೇಲೆ.

"ಇಲ್ಲ."

"ಹಾಗಂತ ಬರೆಯಲೇ?"

"ಬರೀರಿ."

"ಚರ್ಚಿಗೆ?"

"ಹೋಗೂದಿಲ್ಲ. ಅದನ್ನೂ ಬರೀರಿ."

ಅವನು ಬರೆದ. ಹೊರಡುವಾಗ ದಾರದ ಮೇಲಿನ ಗೊಂಬೆಗಳ ಹತ್ತಿರ ನಿಂತು, ಎರಡು ಜಡೆಯ ಗೊಂಬೆಯನ್ನು ಬೆರಳಿನಿಂದ ತಟ್ಟಿದ. "ಚೆನ್ನಾಗಿದೆ. ಯಾರಿದು?"

"ಯಾರೂ ಅಲ್ರಿ," ಅಂದಳು ಪೂನಮ. ಅವನು ಬರೆದುಕೊಂಡ ಜಬಾಬಿನ ಕೆಳಗೆ ಸಹಿ ಮಾಡಿದಳು. ಪೆನ್ನಿನ ಮೊನೆ ಕಾಗದವನ್ನು ಹರಿಯಿತು.

ಅವನ ಗಾಡಿಯ ಸದ್ದು ಓಣಿ ದಾಟಿತು. ಆಮೇಲೆ ಸಂಘರ್ಷ, "ಭಾರೀ ಹೊಡದಿ ಅಕ್ಕಾ, ಸರ್ಕಸ್ಸು!" ಎಂದು ಚಪ್ಪಾಳೆ ತಟ್ಟಿ ನಕ್ಕ. ಮಾಣಿಕಬಾಯಿಯೂ ಸೆರಗಿನೊಳಗೆ ನಕ್ಕು, "ಶಿರಾ ಮಾಡತೇನಿ ತಡೀರಿ, ರವಾ ಐತಿ," ಎಂದು ಒಳಗೆ ನಡೆದಳು.

ಪೂನಮ ಕೈಯಲ್ಲಿದ್ದ ಕತ್ತರಿಯನ್ನು ಗೋಡೆಗೆ ಬೀಸಿ ಒಗೆದಳು. ಹಸಿ ಸುಣ್ಣದಲ್ಲಿ ಉದ್ದನೆಯ ಗೀರು ಬಿತ್ತು.

"ನಗ್ತೀರಾ? ನನ್ನ ಬಾಯಿಂದ ನನ್ನ ಹೊರಗ ಹಾಕಿಸಿ ಶಿರಾ ತಿಂತೀರಾ? ಯಾರರೆ ಒಬ್ಬರು, ಒಬ್ಬರು ಬಾಯಿ ತಗದ್ರೇನು? ನೌಕರಿ ಯಾರದು? ಫ್ಲೆಕ್ಸ್ ಯಾರದು? ಸುಳ್ಳು ಮಾತ್ರ ನಂದು!"

"ತಪ್ಪಾತವ್ವಾ," ಅಂದ ಗಂಗಾರಾಮ.

"ಸುಮ್ಕಿರಪ್ಪಾ! ನಿನ್ನ ತಪ್ಪು ಕೇಳಿ ಕೇಳಿ ಕಿವಿ ತೂತಾಗ್ಯಾವ."

ಸೀತವ್ವ ಗೋಡೆ ಹಿಡಿದುಕೊಂಡು ಎದ್ದು, ಜೋಳದ ಡಬ್ಬಿಗೆ ಮೊಳಕೈ ತನಕ ಕೈ ಹಾಕಿ ಬೈಬಲ್ ಎಳೆದು, ಸೆರಗಿನಿಂದ ಒರೆಸಿದಳು.

"ಶಿಷ್ಯ ಪೇತ್ರ ಮೂರು ಸಲ ಅಂದ, ಏಸುನ್ನ ಅರಿಯೆ ಅಂತ," ಅಂದಳು. "ಅಷ್ಟಕ್ಕ ಅಂವ ಹೊರಗ ಹೋಗಿ ಬಿಕ್ಕಿ ಬಿಕ್ಕಿ ಅತ್ತನಂತ. ನಿಮ್ಮಪ್ಪ ನಾಕು ವರ್ಷದಾಂವ ಇದ್ದಾಗ ಇಲ್ಲಿ ಮಿಶನ್ ದವಾಖಾನಿಯಾಗ ಸಾಯೂದ್ರಾಗ ಉಳದ, ಅವತ್ತಿಂದ ನಾ ಸಭೆಯಾಕಿ. ಸಾಲಿ ಹೆಸರಿಗೆ, ರೇಶನ್ನಿಗೆ, ಜನಗಣತಿಗೆ, ಎಲ್ಲಾ ಕಡೆ ಅರಿಯೆ ಅಂತ ಹೆಬ್ಬಟ್ಟು ಒತ್ತೇನಿ. ಅಳಾಕ ಪುರಸೊತ್ತಿರಲಿಲ್ಲ, ಮಂದಿ ಮನಿ ಕಸ ಇತ್ತು. ನೀ ಸಿಟ್ಟಿಗೆದ್ದಿಯಲ್ಲ, ಚಲೋ ಆತು. ಈ ಮನ್ಯಾಗ ಯಾರರೆ ಒಬ್ಬರು ಸಿಟ್ಟಿಗೇಳಬೇಕಿತ್ತು."

ಶಿರಾ ಆಯಿತು. ಪೂನಮ ಮುಟ್ಟಲಿಲ್ಲ. ಸೀತವ್ವನೂ ತನ್ನ ತಾಟನ್ನು ಸರಿಸಿದಳು.

*

ಜುಲೈ ಕೊನೆಯ ವಾರ ಸಂಘರ್ಷನ ಕಾಗದ ಬಂತು. ಜಾತಿ ದಾಖಲೆ ಸಿಂಧು. ಅವನು ಅರ್ಧ ಕಿಲೋ ಪೇಢೆ ತಂದು, ಓಣಿಯಲ್ಲಿ ಹಂಚಿ, ಉಳಿದದ್ದನ್ನು ಮನೆಗೆ ತಂದ. ಮಾಣಿಕಬಾಯಿ ಪಕ್ಕದ ಮನೆಯ ಗುರುಶಾಂತವ್ವನಿಗೆ ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು: "ನಮಗೇನೂ ತ್ರಾಸ ಆಗಲಿಲ್ಲ ನೋಡವ್ವಾ. ತನ್ನಷ್ಟಕ್ಕ ತಾನ ಬಂತು. ದೇವರು ದೊಡ್ಡಾಂವ."

ಮಶಿನ್ನಿನ ಮುಂದಿದ್ದ ಪೂನಮಳಿಗೆ ಅದು ಕೇಳಿಸಿತು.

ಸಂಘರ್ಷ ಪೆಟ್ಟಿಗೆ ಹಿಡಿದು ಹತ್ತಿರ ಬಂದ. "ತಗೋ ಅಕ್ಕಾ. ಈಗ ಬೇಕಾದ್ರ ಹೋಗು ನೀ. ಕಾಗದ ಕೈಯಾಗ ಬಂತಲ್ಲ, ಇನ್ನೇನ ಅಂಜಿಕಿ?"

"ನಾಡಿದ್ದ ವಿಮಾನ ಐತಿ, ನನ್ನ ವೀಸಾನೂ ಆಗಿಲ್ಲ. ನಿನ್ನ ಪೇಢೆ ತಿಂದು ಹಾರ್ಲೇನು?"

"ಸಿಟ್ಟು ಇನ್ನೂ ಇಳದಿಲ್ಲ ನಿಂದು. ನಾ ಏನ ಕೇಳಿದ್ದೆ ನಿನಗ ಹಂಗ ಹೇಳು ಅಂತ? ನೀನs ಹೇಳಿದಿ."

ಪೂನಮ ಅವನನ್ನು ನೋಡಿದಳು. ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ಒಂದು ಸ್ಕೂಟಿ ನಿಂತಿತು. ಪಾಸ್ಟರರ ಅಣ್ಣನ ಮಗಳು ದೀಪಾಲಿ, ಇಪ್ಪತ್ತರ ಹುಡುಗಿ, ರೇನ್‌ಕೋಟಿನ ನೀರು ಝಾಡಿಸುತ್ತ ಒಳಗೆ ಬಂದಳು. ಕೆಟ್ಟವಳಲ್ಲ. ಕಣ್ಣು ಎತ್ತಿ ನೋಡಲು ಅವಳಿಗೇ ಸಂಕೋಚ.

"ಪೂನಮಕ್ಕಾ, ಕಾಕಾ ಹೇಳಿದ್ರು... ಗೊಂಬಿ ಒಯ್ಯಾಕ ಬಂದೇನಿ. ಕಥಿ ಹೇಳೂ ಅಷ್ಟು ಕನ್ನಡ ನನಗ ಬರೂದಿಲ್ರಿ, ಕೇಳಿದ್ರ ತಿಳೀತೈತಿ. ಮಾತು ಬರದಿಟ್ಟಿದ್ರ..."

ಪೂನಮ ಎದ್ದಳು. ಆದರೆ ಅವಳು ಜಗಳ ತೆಗೆಯಲಿಲ್ಲ. ಮೂಲೆಯಿಂದ ಬಟ್ಟೆಯ ಚೀಲ ತಂದು ಕೊಟ್ಟಳು, ನಾಲ್ಕು ಹಾಳೆಯಲ್ಲಿ ಬರೆದಿಟ್ಟ ಮಾತುಗಳನ್ನೂ ಕೊಟ್ಟಳು. ಬಾಯಿ ಆಡಿಸಲು ಹೆಬ್ಬೆರಳನ್ನು ಎಲ್ಲಿಡಬೇಕು, ಬುಟ್ಟಿ ತೇಲುವಾಗ ಕೈ ಹೇಗೆ ಅಲುಗಬೇಕು, ಎಲ್ಲಿ ಸ್ವಲ್ಪ ತಡೆದು ಮಕ್ಕಳನ್ನು ಕಾಯಿಸಬೇಕು, ಎಲ್ಲವನ್ನೂ ಒಂದೊಂದಾಗಿ ತೋರಿಸಿದಳು. ದೂರದ ಆ ಮಕ್ಕಳು ಅವಳಿಗೆ ಏನೂ ಅನ್ಯಾಯ ಮಾಡಿರಲಿಲ್ಲ.

ದೀಪಾಲಿ ನೆಲದ ಮೇಲೆ ಗೊಂಬೆಗಳನ್ನು ಸಾಲಾಗಿ ಇಟ್ಟು ಎಣಿಸಿದಳು. "ಬುಟ್ಟಿ ಐತಿ, ಪಾಪು ಐತಿ. ಅವ್ವ, ಅರಸನ ಮಗಳು, ಇವರಿಬ್ಬರು ದಾಸಿಯರು... ಎರಡು ಜಡೀದು ಇಲ್ಲಲ್ರಿ?"

"ಇಲ್ಲ."

"ಕಳದೈತೇನ್ರಿ?"

"ಕಳದಿಲ್ಲ. ಕೊಡೂದಿಲ್ಲ."

ದೀಪಾಲಿ ಗೊಂದಲದಿಂದ ಸುತ್ತ ನೋಡಿದಳು. ಪೇಢೆಯ ಪೆಟ್ಟಿಗೆ ಹಿಡಿದ ಸಂಘರ್ಷ, ಬಾಗಿಲಲ್ಲಿ ಅವ್ವ, ಹೊಸ್ತಿಲ ಮೇಲೆ ಗಂಗಾರಾಮ. "ಆದ್ರ ಅಕ್ಕಾ, ಅಕ್ಕ ಇಲ್ಲದ ಕಥಿ ಹೆಂಗ ಹೇಳ್ಲಿ? ತಮ್ಮನ್ನ ಉಳಸಾಕಿ ಆಕಿನ ಅಲ್ಲೇನ್ರಿ?"

"ಬಿಟ್ಟು ಹೇಳು," ಅಂದಳು ಪೂನಮ. ಅವಳು ನೋಡುತ್ತಿದ್ದದ್ದು ದೀಪಾಲಿಯನ್ನಲ್ಲ. "ಬುಟ್ಟಿ ತನ್ನಷ್ಟಕ್ಕ ತಾನ ತೇಲಿಕೋತ ಹೋಗಿ ದಂಡಿ ಸೇರಿತು ಅಂತ ಹೇಳು. ಈ ಮನ್ಯಾಗ ಹಂಗs ಹೇಳ್ತಾರ. ಕೇಳಿದವರು ಪೇಢೆ ತಿಂದು ಹೋಗ್ತಾರ."

ಅವಳು ಮಶಿನ್ನಿಗೆ ಮರಳಿ, ಮುಂದಿದ್ದ ಹಸಿರು ಗೌನನ್ನು ಸೂಜಿಯ ಕೆಳಗೆ ಸರಿಸಿ ಪೆಡಲು ತುಳಿದಳು. ಪೆಟ್ಟಿಗೆಯ ಮುಚ್ಚಳ ಹಾಕಲೋ ಬೇಡವೋ ಎಂದು ತಿಳಿಯದೆ ಸಂಘರ್ಷ ಅಲ್ಲಿಯೇ ನಿಂತಿದ್ದ.